ಪಿನ್‌ಹೋಲ್ ಪೆಟ್ಟಿಗೆಯಲ್ಲಿ ಊರಿನ ಬೀದಿ: ಮೊದಲ ಫೋಟೊಗ್ರಾಫರ್‌ಗಳ ರೀತಿಯಲ್ಲಿ ಚಿತ್ರ ತೆಗೆಯುವುದು ಹೇಗೆ

1838ರಲ್ಲಿ, ಫೋಟೊಗ್ರಫಿಯನ್ನು ಶುರು ಮಾಡಿದವರಲ್ಲಿ ಒಬ್ಬರಾದ ಲೂಯಿ ಡಗೇರ್ ಪ್ಯಾರಿಸ್‌ನಲ್ಲಿ ತಮ್ಮ ಕಟ್ಟಡದ ಮೇಲಿನ ಕಿಟಕಿಯಿಂದ ಬುಲ್‌ವಾರ್ ದು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದರು. ಅದು ನಾಟಕಶಾಲೆಗಳಿದ್ದ ಬೀದಿ. ಗಾಡಿ, ಕುದುರೆ, ಜನ ಸದಾ ಓಡಾಡುವ ಜಾಗ. ಚಿತ್ರದಲ್ಲಿ ನೋಡಿದರೆ ಬೀದಿಯಲ್ಲಿ ಯಾರೂ ಇಲ್ಲ. ಎಡಕ್ಕೆ, ಕೆಳಗಿನ ಮೂಲೆಯ ಹತ್ತಿರ ಒಬ್ಬ ಮನುಷ್ಯ ನಿಂತಿದ್ದಾನೆ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದಾನೆ. ಪ್ಲೇಟಿನ ಮೇಲೆ ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು. ನಡೆದು ಹೋದವರೆಲ್ಲ ಅಳಿಸಿಹೋದರು. ಅಷ್ಟು ಹೊತ್ತು ಒಂದೇ ಕಡೆ ನಿಂತವನು ಉಳಿದ. 1839ರ ಮಾರ್ಚ್‌ನಲ್ಲಿ ಇದನ್ನು ನೋಡಿದ ಸ್ಯಾಮ್ಯುಯೆಲ್ ಮೋರ್ಸ್, ಟೆಲಿಗ್ರಾಫ್‌ನ ಅದೇ ಮೋರ್ಸ್, ಈ ಖಾಲಿ ಬೀದಿಯ ಬಗ್ಗೆ ಅಚ್ಚರಿಯಿಂದ ತಮ್ಮನಿಗೆ ಕಾಗದ ಬರೆದರು.

ಇಂಥ ಚಿತ್ರವನ್ನು ನೀವೂ ತೆಗೆಯಬಹುದು. ದುಬಾರಿ ಕ್ಯಾಮೆರಾ ಬೇಡ. ಒಂದು ಪೆಟ್ಟಿಗೆ, ಲೆನ್ಸ್ ಬದಲು ಅದಕ್ಕೊಂದು ಸೂಜಿ ತೂತು (ಇದೇ ಪಿನ್‌ಹೋಲ್), ಒಳಗೆ ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟಿಂಗ್ ಪೇಪರ್. ಇಷ್ಟಿದ್ದರೆ ಬಿಸಿಲಿನಲ್ಲಿ ಒಂದೆರಡು ನಿಮಿಷಕ್ಕೆ ಚಿತ್ರ ಮೂಡುತ್ತದೆ. ಅಂದರೆ 1840ರ ಆಸುಪಾಸಿನವರಿಗೆ ಇದ್ದ ಕಷ್ಟ, ಅವರಿಗಿದ್ದ ಅನುಕೂಲ ಎರಡೂ ನಿಮ್ಮ ಕೈಗೆ ಬರುತ್ತವೆ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ, ಎಷ್ಟು ಎತ್ತರದಲ್ಲಿ, ಬೀದಿಯಲ್ಲಿ ಯಾವುದು ಅಲ್ಲಾಡದೆ ಇರುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದರಲ್ಲೇ ಆ ಕಾಲದವರ ಕೆಲಸದ ಮುಕ್ಕಾಲು ಭಾಗ ಮುಗಿಯುತ್ತಿತ್ತು. ಈ ಲೇಖನವೂ ಅಲ್ಲಿಗೇ ಜಾಸ್ತಿ ಒತ್ತು ಕೊಡುತ್ತದೆ.

ಮೊದಲು ಜಾಗ, ಆಮೇಲೆ ಪೆಟ್ಟಿಗೆ

ಪೆಟ್ಟಿಗೆ ಮಾಡುವ ಮೊದಲು ಬೀದಿ ಆರಿಸಿ. ಬರಿಗೈಯಲ್ಲಿ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ ಬನ್ನಿ.

ಹಳೆಯ ಬೀದಿ ಚಿತ್ರಗಳಲ್ಲಿ ಎಷ್ಟೊಂದು ಮೇಲಿನ ಕಿಟಕಿಯಿಂದ ತೆಗೆದವು ಎಂದು ಗಮನಿಸಿದ್ದೀರಾ? ಡಗೇರ್ ಚಿತ್ರ ಹಾಗೆ. 1843ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಪ್ಯಾರಿಸ್‌ನಲ್ಲಿ ಇಳಿದುಕೊಂಡ ಹೋಟೆಲಿನ ಮೇಲಂತಸ್ತಿನಿಂದ ತೆಗೆದ ಬೀದಿ ಚಿತ್ರವೂ ಹಾಗೆ. ಇದಕ್ಕೆ ಕಾರಣಗಳಿವೆ. ಕಿಟಕಿ ಗಟ್ಟಿಯಾದ ಜಾಗ, ಕ್ಯಾಮೆರಾ ಅಲ್ಲಾಡುವುದಿಲ್ಲ. ಪಕ್ಕದ ಕೋಣೆಯನ್ನೇ ಕತ್ತಲೆ ಕೋಣೆ ಮಾಡಿಕೊಳ್ಳಬಹುದು. ಹತ್ತಿರ ಹಾದುಹೋಗುವವರು ಚಿತ್ರವನ್ನು ಮಸುಕು ಮಾಡುವುದಿಲ್ಲ. ಇನ್ನೊಂದು ಕಾರಣ ಕಟ್ಟಡದ ಗೋಡೆಗಳು. ಕೆಳಗೆ ನಿಂತು ಕ್ಯಾಮೆರಾ ಮೇಲಕ್ಕೆ ತಿರುಗಿಸಿದರೆ ಗೋಡೆಗಳು ಹಿಂದಕ್ಕೆ ಬೀಳುವ ಹಾಗೆ ಕಾಣುತ್ತವೆ. ಎದುರು ಕಟ್ಟಡದ ಅರ್ಧ ಎತ್ತರದಲ್ಲಿ ನಿಂತರೆ ಕ್ಯಾಮೆರಾ ನೆಟ್ಟಗೆ ಇಡಬಹುದು, ಗೋಡೆಗಳೂ ನೆಟ್ಟಗೆ ಬರುತ್ತವೆ.

ಹಾಗಾಗಿ ನಿಮ್ಮ ಊರಿನ ಪೇಟೆ ಬೀದಿಯಲ್ಲಿ ಮೊದಲ ಮಹಡಿಯ ಒಂದು ಕಿಟಕಿಯನ್ನೋ ತಾರಸಿಯನ್ನೋ ಹುಡುಕಿ. ಟೈಲರ್ ಅಂಗಡಿ, ಲಾಡ್ಜ್, ಹಳೆಯ ಹೋಟೆಲ್, ಯಾವುದಾದರೂ ಸರಿ. ಮಾಲೀಕರನ್ನು ಕೇಳಿ, ಏನು ಮಾಡುತ್ತಿದ್ದೀರಿ ಎಂದು ವಿವರವಾಗಿ ಹೇಳಿ. ಕಪ್ಪು ಟೇಪು ಸುತ್ತಿದ ಪೆಟ್ಟಿಗೆಯೊಂದನ್ನು ಯಾರೋ ಕಿಟಕಿಯಲ್ಲಿಟ್ಟು ಕಾಯುತ್ತಿದ್ದರೆ ಜನರಿಗೆ ಅನುಮಾನ ಬರುವುದು ಸಹಜ. ರೈಲ್ವೆ ನಿಲ್ದಾಣ, ಪೊಲೀಸ್ ಠಾಣೆ, ಸರ್ಕಾರಿ ಕಚೇರಿಗಳ ಎದುರು ಈ ಕೆಲಸ ಬೇಡ. ಪೆಟ್ಟಿಗೆಯನ್ನು ಎಲ್ಲಿಯೂ ಒಂಟಿಯಾಗಿ ಬಿಟ್ಟುಹೋಗಬೇಡಿ.

ಇನ್ನು ಬಿಸಿಲಿನ ವಿಷಯ. ಪ್ಯಾರಿಸ್ ಇರುವುದು ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಬಿಸಿಲು ಯಾವಾಗಲೂ ಓರೆಯಾಗಿ ಬೀಳುತ್ತದೆ, ಗೋಡೆಗಳ ಮೇಲೆ ಚೆನ್ನಾಗಿ ಬೀಳುತ್ತದೆ. ಬೆಂಗಳೂರು, ಮೈಸೂರು, ಮಂಗಳೂರು ಇರುವುದು 12–13 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಆಗ ರಸ್ತೆ ಬಿಳಿಚಿಕೊಂಡು, ಅಂಗಡಿಗಳ ಮುಂಭಾಗವೆಲ್ಲ ಸೂರಿನ ನೆರಳಲ್ಲಿ ಮುಳುಗುತ್ತದೆ. ಯುರೋಪಿನ ಹಳೆಯ ಚಿತ್ರಗಳನ್ನು ನೋಡಿ ನಡುಹಗಲಲ್ಲಿ ಕ್ಯಾಮೆರಾ ಇಟ್ಟರೆ ನಮ್ಮಲ್ಲಿ ಆ ಬೆಳಕು ಸಿಗುವುದಿಲ್ಲ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರ ನಂತರ ಒಂದು ಗಂಟೆ, ಇವು ಒಳ್ಳೆಯ ಹೊತ್ತು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಪೂರ್ವ–ಪಶ್ಚಿಮವಾಗಿ ಹೋಗುವ ಬೀದಿಯಾದರೆ ಅದರ ಉತ್ತರದ ಸಾಲಿನ ಮನೆಗಳಿಗೆ ಆಗ ಹಗಲಿಡೀ ಬೆಳಕು.

ನನಗೆ ತುಂಬ ಇಷ್ಟವಾದ ಬೆಳಕು ಬೇರೆ. ಮಳೆ ನಿಂತ ಮೇಲೆ, ತೆಳುಮೋಡದ ನಡುವೆ ಬರುವ ಬೆಳಕು. 1862ರಿಂದ ಪ್ಯಾರಿಸ್ ನಗರದ ಅಧಿಕೃತ ಫೋಟೊಗ್ರಾಫರ್ ಆಗಿದ್ದ ಶಾರ್ಲ್ ಮಾರ್ವಿಲ್ ಅವರ ಚಿತ್ರಗಳನ್ನು ನೋಡಿ. ಬೀದಿಯ ಕಲ್ಲುಗಳು ಒದ್ದೆಯಾಗಿ ಹೊಳೆಯುತ್ತವೆ, ನಡುವಿನ ಚರಂಡಿಯ ನೀರು ಬೆಳ್ಳಿಯ ಗೆರೆಯಾಗಿ ಕಾಣುತ್ತದೆ. ಎರಡೂ ಕಡೆ ಎತ್ತರದ ಮನೆಗಳಿರುವ ಕಿರಿದಾದ ಓಣಿಯಲ್ಲಿ ಚಿತ್ರದ ಕೆಳಭಾಗ ಕಪ್ಪಾಗಿಬಿಡುತ್ತದೆ. ನೆಲ ಒದ್ದೆಯಾಗಿದ್ದರೆ ಆಕಾಶದ ಬೆಳಕು ಅದರ ಮೇಲೆ ಬಿದ್ದು ಆ ಕಪ್ಪನ್ನು ತೆರೆದು ಕೊಡುತ್ತದೆ. ಜೂನ್–ಜುಲೈನಲ್ಲಿ ಚಿತ್ರ ತೆಗೆಯುವವರು ಇದನ್ನು ಖಂಡಿತ ನೆನಪಿಡಿ.

ಕೊನೆಯದಾಗಿ, ಬೀದಿಯಲ್ಲಿ ನಿಂತೇ ಇರುವುದು ಏನೇನಿದೆ ನೋಡಿ. ಟಾಲ್ಬಟ್ ಅವರ ಪ್ಯಾರಿಸ್ ಚಿತ್ರದಲ್ಲಿ ಓಡಾಡುವ ಜನ ಕಾಣುವುದಿಲ್ಲ. ಬಾಡಿಗೆಗೆ ಕಾಯುತ್ತಾ ಸಾಲಾಗಿ ನಿಂತ ಕುದುರೆ ಗಾಡಿಗಳು ಕಾಣುತ್ತವೆ. ನಿಮ್ಮ ಬೀದಿಯಲ್ಲಿ ಅದು ಆಟೋ ಸ್ಟ್ಯಾಂಡ್ ಇರಬಹುದು, ಹೂವಿನ ಬುಟ್ಟಿಗಳ ಸಾಲಿರಬಹುದು, ಕಟ್ಟೆಯ ಮೇಲೆ ಕೂತ ಹಿರಿಯರಿರಬಹುದು. ಚಿತ್ರವನ್ನು ಹಿಡಿದಿಡುವುದು ಇವೇ.

ಪೆಟ್ಟಿಗೆ

ದಪ್ಪ ರಟ್ಟಿನ ಅಥವಾ ತೆಳು ಪ್ಲೈವುಡ್‌ನ ಪೆಟ್ಟಿಗೆ ಸಾಕು. ಹಿಂಬದಿಯಲ್ಲಿ 5×7 ಇಂಚಿನ ಕಾಗದ ಕೂರಬೇಕು. ತೂತಿನಿಂದ ಕಾಗದಕ್ಕೆ 10 ಸೆಂಟಿಮೀಟರ್ ದೂರ ಇರಲಿ. ಒಳಗಡೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ. ಮೂಲೆಗಳಿಗೆಲ್ಲ ಕಪ್ಪು ಇನ್ಸುಲೇಷನ್ ಟೇಪು ಸುತ್ತಿ. ಬೆಳಕು ಸೋರುವುದು ಹೆಚ್ಚಾಗಿ ಮುಚ್ಚಳದ ಅಂಚಿನಿಂದ. ಅಲ್ಲಿ ಎರಡು ಸುತ್ತು ಹಾಕಿ.

ತೂತನ್ನು ರಟ್ಟಿನಲ್ಲೇ ಮಾಡಬೇಡಿ. ತಂಪುಪಾನೀಯದ ಡಬ್ಬಿಯಿಂದ ಎರಡು ಸೆಂಟಿಮೀಟರ್ ಚೌಕದ ತಗಡು ಕತ್ತರಿಸಿ. ಸಣ್ಣ ಹೊಲಿಗೆ ಸೂಜಿಯ ತುದಿಯನ್ನು ಒತ್ತಿ ಒಂದು ಉಬ್ಬು ಎಬ್ಬಿಸಿ, ಇನ್ನೊಂದು ಬದಿಯಲ್ಲಿ ಅದನ್ನು ನಯವಾದ ಮರಳು ಕಾಗದದಿಂದ ಉಜ್ಜಿ. ಮತ್ತೆ ಸೂಜಿ ತುದಿಯಿಂದ ಮೆಲ್ಲಗೆ ಬಿಡಿಸಿ. 10 ಸೆಂಟಿಮೀಟರ್ ದೂರಕ್ಕೆ 0.4 ಮಿಲಿಮೀಟರ್ ಅಗಲದ ತೂತು ಸರಿಹೋಗುತ್ತದೆ. ಅಳೆಯಲು ಸುಲಭ ದಾರಿ ಇದೆ. ತಗಡನ್ನು ಸ್ಕ್ಯಾನರ್ ಮೇಲಿಟ್ಟು 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ತೂತು 19 ಪಿಕ್ಸೆಲ್ ಅಗಲ ಬಂದರೆ ಸರಿಯಾಗಿದೆ ಎಂದರ್ಥ. ದುಂಡಗೆ ಇರಬೇಕು, ಅಂಚಿನಲ್ಲಿ ಚೂರು ಎದ್ದಿರಬಾರದು.

ಈಗ ಒಂದು ಮುಖ್ಯವಾದ ವಿಷಯ. ತೂತನ್ನು ಪೆಟ್ಟಿಗೆಯ ಮುಂಭಾಗದ ನಟ್ಟನಡುವೆ ಇಡಬೇಡಿ. ಎರಡು ಸೆಂಟಿಮೀಟರ್ ಮೇಲಕ್ಕೆ ಇಡಿ. ಹೀಗೆ ಮಾಡಿದರೆ ಪೆಟ್ಟಿಗೆ ನೆಟ್ಟಗೇ ಇರುತ್ತದೆ, ಚಿತ್ರದಲ್ಲಿ ರಸ್ತೆ ಕಡಿಮೆಯಾಗಿ ಕಟ್ಟಡದ ಮೇಲ್ಭಾಗ ಜಾಸ್ತಿ ಬರುತ್ತದೆ. ಮರದ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರಿಸಿದ ಹಲಗೆಯನ್ನೇ ಮೇಲೆ ಸರಿಸಿ ಇದೇ ಕೆಲಸ ಮಾಡುತ್ತಿದ್ದರು. 1890ರ ದಶಕದ ಕೊನೆಯಿಂದ ಸುಮಾರು ಮೂವತ್ತು ವರ್ಷ ಪ್ಯಾರಿಸ್‌ನ ಬೀದಿಗಳನ್ನು ತೆಗೆದ ಎಜೀನ್ ಅಟ್ಜೆ ಅವರ ಎಷ್ಟೋ ಚಿತ್ರಗಳಲ್ಲಿ ಮೇಲಿನ ಎರಡು ಮೂಲೆ ಕಪ್ಪಾಗಿ ದುಂಡಗಾಗಿರುತ್ತವೆ. ಲೆನ್ಸನ್ನು ಅಷ್ಟು ಮೇಲಕ್ಕೆ ಸರಿಸಿದ್ದರಿಂದ ಅದರ ಬೆಳಕಿನ ವೃತ್ತ ಮೂಲೆ ಮುಟ್ಟಲಿಲ್ಲ. ಅವರು ಅದಕ್ಕೆ ತಲೆಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ. ಬೀದಿ ನೆಟ್ಟಗೆ ನಿಲ್ಲಬೇಕಿತ್ತು, ನಿಂತಿದೆ. ನಿಮ್ಮ ಪಿನ್‌ಹೋಲ್ ಚಿತ್ರದಲ್ಲೂ ಮೂಲೆಗಳು ಮಂಕಾಗುತ್ತವೆ. ಬಿಡಿ, ಚೆನ್ನಾಗೇ ಇರುತ್ತದೆ.

ಶಟರ್‌ಗೆ ತೂತಿನ ಮೇಲೊಂದು ಕಪ್ಪು ಟೇಪಿನ ತುಂಡು ಸಾಕು. ಪೆಟ್ಟಿಗೆಯ ಮೇಲೆ ಅರ್ಧ ಇಟ್ಟಿಗೆ ಅಥವಾ ಮರಳಿನ ಚೀಲ ಇಡಿ. ಟೇಪು ಕೀಳುವಾಗ ಪೆಟ್ಟಿಗೆ ಒಂದು ಕೂದಲೆಳೆ ಸರಿದರೂ ಕಟ್ಟಡದ ಅಂಚುಗಳು ಎರಡೆರಡಾಗುತ್ತವೆ.

ಕಾಗದ ತುಂಬುವುದು

ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟಿಂಗ್ ಪೇಪರ್ ಇಂದಿಗೂ ತಯಾರಾಗುತ್ತದೆ. ಇಲ್ಫರ್ಡ್ ಕಂಪನಿಯದು ಸುಲಭವಾಗಿ ಸಿಗುತ್ತದೆ. ಪ್ಲಾಸ್ಟಿಕ್ ಲೇಪನದ ಆರ್‌ಸಿ ಪೇಪರ್ ತೆಗೆದುಕೊಳ್ಳಿ. ಬೇಗ ತೊಳೆಯಬಹುದು, ಸುರುಟಿಕೊಳ್ಳುವುದಿಲ್ಲ. ಈ ಕಾಗದ ಕೆಂಪು ಬೆಳಕಿಗೆ ಕುರುಡು. ರಾತ್ರಿ ಬಚ್ಚಲುಮನೆಯ ಕಿಟಕಿ ಮುಚ್ಚಿ, ಒಂದು ಸಣ್ಣ ಕೆಂಪು ದೀಪ ಹಾಕಿಕೊಂಡರೆ ಕೆಲಸ ಮಾಡಬಹುದು. ದೀಪ ನಿಜವಾಗಿಯೂ ಸುರಕ್ಷಿತವೇ ಎಂದು ಮೊದಲು ಪರೀಕ್ಷಿಸಿ. ಕಾಗದದ ಮೇಲೆ ಒಂದು ನಾಣ್ಯ ಇಟ್ಟು ಐದು ನಿಮಿಷ ಆ ದೀಪದಡಿ ಬಿಟ್ಟು, ಆಮೇಲೆ ಡೆವಲಪ್ ಮಾಡಿ, ಅಂದರೆ ರಾಸಾಯನಿಕದಲ್ಲಿ ಅದ್ದಿ ಚಿತ್ರ ಮೂಡಿಸಿ (ವಿಧಾನ ಮುಂದೆ ಇದೆ). ನಾಣ್ಯದ ಗುರುತು ಬಿಳಿಯಾಗಿ ಉಳಿದರೆ ದೀಪ ಬದಲಾಯಿಸಬೇಕು.

ಹೊಳಪಿನ ಬದಿ ತೂತಿನ ಕಡೆ ಇರಲಿ. ಒಂದು ಸಲಕ್ಕೆ ಒಂದೇ ಹಾಳೆ. ಹೊರಗೆ ಹೋದರೆ ಒಂದೇ ಚಿತ್ರ. ಆದ್ದರಿಂದ ಮೂರ್ನಾಲ್ಕು ಪೆಟ್ಟಿಗೆ ಮಾಡಿಟ್ಟುಕೊಳ್ಳಿ ಎನ್ನುತ್ತೇನೆ.

ಈ ತಯಾರಿ ನಿಮಗೆ ತೊಡಕು ಅನ್ನಿಸಿದರೆ 1851ರ ನಂತರದವರ ಪಾಡು ನೆನೆಯಿರಿ. ಆ ವರ್ಷ ಫ್ರೆಡರಿಕ್ ಸ್ಕಾಟ್ ಆರ್ಚರ್ ವೆಟ್ ಕೊಲೋಡಿಯನ್ ವಿಧಾನ ಪ್ರಕಟಿಸಿದರು. ಗಾಜಿನ ಪ್ಲೇಟಿಗೆ ಕೊಲೋಡಿಯನ್ ಎಂಬ ಅಂಟು ದ್ರವ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಒಣಗುವ ಮೊದಲೇ ಡೆವಲಪ್ ಮಾಡಬೇಕು. ಎಲ್ಲ ಸೇರಿ ಹತ್ತು–ಹದಿನೈದು ನಿಮಿಷದೊಳಗೆ. ಬೀದಿಗೆ ಹೋಗುವವರು ಕತ್ತಲೆ ಡೇರೆಯನ್ನೂ ಹೊತ್ತು ಹೋಗಬೇಕಿತ್ತು. ನಮ್ಮ ಕಡೆಯ ಸೆಕೆಗೆ ಪ್ಲೇಟು ಇನ್ನೂ ಬೇಗ ಒಣಗುತ್ತಿತ್ತು. ಅದಕ್ಕೇ ಇಲ್ಲಿ ಕಾಗದದ ನೆಗೆಟಿವ್, ಅಂದರೆ ಕಪ್ಪು–ಬಿಳುಪು ತಿರುವುಮುರುವಾಗಿ ಮೂಡುವ ಮೊದಲ ಚಿತ್ರ, ಜಾಸ್ತಿ ದಿನ ಉಳಿಯಿತು. ಬ್ರಿಟಿಷ್ ಸೇನಾಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳನ್ನು ತೆಗೆದದ್ದು ಕಾಗದದ ನೆಗೆಟಿವ್ ಮೇಲೆ. ಫ್ರಾನ್ಸಿನ ಫೋಟೊಗ್ರಾಫರ್ ಗುಸ್ತಾವ್ ಲೆ ಗ್ರೇ 1851ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕಾಗದಕ್ಕೆ ಮೊದಲೇ ಮೇಣ ಕುಡಿಸಿ, ಕೆಲವು ದಿನ ಮುಂಚೆ ತಯಾರಿಸಿಟ್ಟುಕೊಳ್ಳಬಹುದಿತ್ತು. ಪ್ರಯಾಣ ಮಾಡುವವರಿಗೆ ಇದು ದೊಡ್ಡ ವರ. ನಿಮ್ಮ ಪೆಟ್ಟಿಗೆಯೂ ಅಂಥ ಒಣಕಾಗದದ ಕ್ಯಾಮೆರಾ. ಇಂದು ತುಂಬಿಟ್ಟು ನಾಳೆ ತೆಗೆಯಬಹುದು.

ವೆಟ್ ಕೊಲೋಡಿಯನ್ ಅನ್ನು ಪುಸ್ತಕ ಓದಿಕೊಂಡು ಮನೆಯಲ್ಲಿ ಮಾಡಲು ಹೋಗಬೇಡಿ. ಅದರಲ್ಲಿ ಈಥರ್ ಇರುತ್ತದೆ, ಬೇಗ ಬೆಂಕಿ ಹೊತ್ತುತ್ತದೆ. ಹಳೆಯವರು ಸಯನೈಡ್ ಕೂಡ ಬಳಸುತ್ತಿದ್ದರು. ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕಾದ ಕೆಲಸ ಅದು.

ಎಷ್ಟು ಹೊತ್ತು ತೆರೆಯಬೇಕು

10 ಸೆಂಟಿಮೀಟರ್ ದೂರ, 0.4 ಮಿಲಿಮೀಟರ್ ತೂತು ಅಂದರೆ ಎಫ್/250. ದೂರವನ್ನು ತೂತಿನ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಸಂಖ್ಯೆ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ. ಪ್ರಿಂಟಿಂಗ್ ಪೇಪರ್‌ನ ವೇಗವನ್ನು, ಅಂದರೆ ಅದು ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ಅಳತೆಯನ್ನು, ಐಎಸ್ಒ 6 ಎಂದು ಹಿಡಿಯಿರಿ. ಫೋನಿನಲ್ಲಿ ಲೈಟ್ ಮೀಟರ್ ಆಪ್ ಇದ್ದರೆ ಐಎಸ್ಒ 6, ಎಫ್/16 ಇಟ್ಟು ಅಳೆಯಿರಿ. ಬಂದ ಸಮಯವನ್ನು 250ರಿಂದ ಗುಣಿಸಿ. ಒಳ್ಳೆಯ ಬಿಸಿಲಿನಲ್ಲಿ ಒಂದು ಸೆಕೆಂಡಿನ ಆರನೇ ಒಂದು ಭಾಗ ಬರುತ್ತದೆ. ಗುಣಿಸಿದರೆ ಸುಮಾರು 40 ಸೆಕೆಂಡ್. ನಾನಾದರೆ ಒಂದು ನಿಮಿಷದಿಂದ ಶುರು ಮಾಡಿ ಎನ್ನುತ್ತೇನೆ. ಮೋಡ ಇದ್ದರೆ ನಾಲ್ಕರಿಂದ ಎಂಟು ನಿಮಿಷ. ನೆರಳಿನ ಓಣಿಯಾದರೆ ಇನ್ನೂ ಜಾಸ್ತಿ.

ಮೀಟರ್ ಒಂದು ಕಡೆ ಮೋಸ ಮಾಡುತ್ತದೆ. ಈ ಕಾಗದ ನೋಡುವುದು ನೀಲಿ ಬೆಳಕನ್ನು, ಜೊತೆಗೆ ಸ್ವಲ್ಪ ಹಸಿರನ್ನು. ಸಂಜೆಯ ಹೊಂಬಿಸಿಲಿನಲ್ಲಿ ನೀಲಿ ಕಡಿಮೆ. ಕಣ್ಣಿಗೂ ಮೀಟರಿಗೂ ಬೆಳಕು ಚೆನ್ನಾಗಿದೆ ಅನ್ನಿಸುತ್ತದೆ, ಕಾಗದಕ್ಕೆ ಅದು ಅರೆಗತ್ತಲೆ. ಐದು ಗಂಟೆಯ ನಂತರ ಲೆಕ್ಕಕ್ಕೆ ಬಂದ ಸಮಯವನ್ನು ದುಪ್ಪಟ್ಟು ಮಾಡಿ.

ಕಾಗದದ ಇನ್ನೊಂದು ಗುಣ, ಕಪ್ಪು–ಬಿಳುಪಿನ ಅಂತರ ತೀರಾ ಜಾಸ್ತಿ ಬರುವುದು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಈ ಅಂತರ ಬದಲಾಗುವ ಮಲ್ಟಿಗ್ರೇಡ್ ಪೇಪರ್ ಆಗಿದ್ದರೆ ತೂತಿನ ಮುಂದೆ ಹಳದಿ ಪಾರದರ್ಶಕ ಹಾಳೆ ಅಂಟಿಸಿದರೆ ಇದು ತಗ್ಗುತ್ತದೆ. ಆಗ ಸಮಯ ದುಪ್ಪಟ್ಟಿಗಿಂತ ಹೆಚ್ಚು ಬೇಕು. ಹಾಳೆ ಬೇಡವೆಂದರೆ ತೆಳುಮೋಡದ ದಿನ ಆರಿಸಿ, ಅದೇ ಪರಿಹಾರ.

ಬಣ್ಣಗಳೂ ತಿರುವುಮುರುವಾಗುತ್ತವೆ. ನೀಲಿ ಆಕಾಶ ಪ್ರಿಂಟಿನಲ್ಲಿ ಬರೀ ಬಿಳಿ. ನೀಲಿ ಬಾಗಿಲು ತಿಳಿ ಬೂದು. ಕೆಂಪು ಹೆಂಚು, ಕೆಂಪು ಸೀರೆ ಕಪ್ಪು. ಕನ್ನಡ ಬಾವುಟದ ಹಳದಿಯೂ ಕೆಂಪೂ ಎರಡೂ ಮಂಕು. ಮರದ ಎಲೆಗಳು ಕಪ್ಪು ಗುಂಪಾಗುತ್ತವೆ. ಹಳೆಯ ಚಿತ್ರಗಳ ಆಕಾಶ ಯಾಕೆ ಯಾವಾಗಲೂ ಖಾಲಿ ಎಂದರೆ ಇದೇ ಕಾರಣ. ಟ್ರೈಪ್ ತಮ್ಮ ನೆಗೆಟಿವ್‌ಗಳ ಮೇಲೆ ಕೈಯಿಂದಲೇ ಮೋಡ ಬಿಡಿಸುತ್ತಿದ್ದರು. ಲೆ ಗ್ರೇ ಸಮುದ್ರದ ಚಿತ್ರಗಳಲ್ಲಿ ಆಕಾಶಕ್ಕೆ ಬೇರೆ ನೆಗೆಟಿವ್, ನೀರಿಗೆ ಬೇರೆ ನೆಗೆಟಿವ್ ಬಳಸಿದ್ದೂ ಉಂಟು. ನೀವು ಚೌಕಟ್ಟಿನಲ್ಲಿ ಆಕಾಶಕ್ಕೆ ಕಡಿಮೆ ಜಾಗ ಕೊಡಿ. ತಂತಿ, ಮರದ ಕೊಂಬೆ, ತಾರಸಿಯ ಅಂಚು ಆಕಾಶವನ್ನು ಕತ್ತರಿಸುವಂತಿದ್ದರೆ ಚೆನ್ನ.

ಜನರನ್ನು ಬೀದಿಗೆ ತರುವುದು

ಇಲ್ಲಿಗೆ ಬಂದಾಗ ಈ ಕಲೆ ನಿಜಕ್ಕೂ ಸೊಗಸಾಗುತ್ತದೆ.

ಒಬ್ಬ ಮನುಷ್ಯ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾನೆ. ಒಂದು ನಿಮಿಷದ ಎಕ್ಸ್‌ಪೋಷರ್‌ನಲ್ಲಿ, ಅಂದರೆ ತೂತು ತೆರೆದಿರುವ ಹೊತ್ತಿನಲ್ಲಿ, 70 ಮೀಟರ್ ದಾಟಿ ಹೋಗಿರುತ್ತಾನೆ. ಯಾವ ಒಂದು ಜಾಗದಲ್ಲೂ ಅವನು ಅರ್ಧ ಸೆಕೆಂಡಿಗಿಂತ ಹೆಚ್ಚು ಇರುವುದಿಲ್ಲ. ಕಾಗದಕ್ಕೆ ಅವನ ಹಿಂದಿನ ಗೋಡೆ 59 ಸೆಕೆಂಡ್ ಕಾಣುತ್ತದೆ. ಗೋಡೆ ಗೆಲ್ಲುತ್ತದೆ. ಅವನು ಎಕ್ಸ್‌ಪೋಷರ್‌ನ ಮೂರನೇ ಒಂದು ಭಾಗ ನಿಂತರೆ ಮಂಜಿನಂತೆ ಕಾಣುತ್ತಾನೆ, ಹಿಂದಿನ ಗೋಡೆ ಅವನ ಮೈಯೊಳಗಿಂದ ಕಾಣುತ್ತದೆ. ಮುಕ್ಕಾಲು ಭಾಗ ನಿಂತರೆ ಗಟ್ಟಿಯಾಗಿ ಉಳಿಯುತ್ತಾನೆ. ಕಪ್ಪು ಬಾಗಿಲಿನ ಮುಂದೆ ಬಿಳಿ ಅಂಗಿಯವರು ಬೇಗ ಮೂಡುತ್ತಾರೆ. ಬಿಳಿ ಗೋಡೆಯ ಮುಂದೆ ಕಪ್ಪು ಬಟ್ಟೆಯವರು ನಿಧಾನ. ಏಕೆಂದರೆ ನೆಗೆಟಿವ್ ಮೇಲೆ ಕೆಲಸ ಮಾಡುವುದು ಬೆಳಕು, ಕಪ್ಪು ಬಟ್ಟೆ ತನ್ನ ಜಾಗದಲ್ಲಿ ಬೆಳಕನ್ನು ತಡೆಯುತ್ತದೆ ಅಷ್ಟೆ.

ಇದನ್ನು ತಿಳಿದುಕೊಂಡರೆ ಯಾರು ಕಾಣಬೇಕು, ಯಾರು ಮಾಯವಾಗಬೇಕು ಎಂದು ನೀವೇ ನಿರ್ಧರಿಸಬಹುದು. ಗ್ಲಾಸ್ಗೋ ನಗರದಲ್ಲಿ ಥಾಮಸ್ ಅನ್ನನ್ 1868ರಿಂದ 1871ರ ನಡುವೆ ಕೆಡವಲಿದ್ದ ಹಳೆಯ ಓಣಿಗಳನ್ನು ತೆಗೆದರು. ಓಣಿಗಳು ಕಿರಿದು, ಬೆಳಕು ಕಡಿಮೆ, ಎಕ್ಸ್‌ಪೋಷರ್ ದೀರ್ಘ. ಅವರ ಚಿತ್ರಗಳಲ್ಲಿ ಗೋಡೆಗೊರಗಿ, ಬಾಗಿಲಿಗೊರಗಿ ನಿಂತ ಮಂದಿ ಇದ್ದಾರೆ. ಮಕ್ಕಳು ಅಲ್ಲಾಡಿ ಮಸುಕಾಗಿದ್ದಾರೆ. ಮೇಲೆ ಒಣಹಾಕಿದ ಬಟ್ಟೆ ಗಾಳಿಗೆ ಹಾರಿ ಬಿಳಿ ಹೊಗೆಯಂತಾಗಿದೆ. ಬಡವರ ಓಣಿಯಲ್ಲಿ ಅಪರಿಚಿತನೊಬ್ಬ ದೊಡ್ಡ ಕ್ಯಾಮೆರಾ ಇಟ್ಟಾಗ ಅಷ್ಟು ಜನ ಸುಮ್ಮನೆ ನಿಂತುಕೊಟ್ಟರಲ್ಲ, ಆ ಒಪ್ಪಿಗೆ ಇಲ್ಲದೆ ಆ ಚಿತ್ರಗಳೇ ಇಲ್ಲ.

ನೀವೂ ಕೇಳಿ. “ಅಣ್ಣಾ, ಎರಡು ನಿಮಿಷ ಹಾಗೇ ಕೂತಿರ್ತೀರಾ? ಈ ಡಬ್ಬಿಯಲ್ಲಿ ಫೋಟೊ ತೆಗೀತಾ ಇದೀನಿ” ಎಂದರೆ ಬಹಳ ಜನ ಖುಷಿಯಿಂದ ಒಪ್ಪುತ್ತಾರೆ. ನಿಂತಿರುವವರಿಗಿಂತ ಕೂತವರು ವಾಸಿ. ಕೂತವರಿಗಿಂತ ಬೆನ್ನಿಗೆ ಏನಾದರೂ ಆಸರೆ ಇರುವವರು ಇನ್ನೂ ವಾಸಿ. ನಿಂತವರ ಕಾಲು ಸ್ಪಷ್ಟವಾಗಿ ಬಂದು ತಲೆ ಮಸುಕಾಗುತ್ತದೆ. ಹಾಗಾಗಿ ಗೋಡೆಗೆ ತಲೆ ತಾಗಿಸಿ ನಿಲ್ಲಲು ಹೇಳಿ. ಕೈಗಳು ಮಂಡಿಯ ಮೇಲೋ ತಕ್ಕಡಿಯ ಮೇಲೋ ಇರಲಿ. ಕಣ್ಣು ಮಿಟುಕಿಸಿದರೆ ತೊಂದರೆ ಇಲ್ಲ, ಅದು ಲೆಕ್ಕಕ್ಕೇ ಬರುವುದಿಲ್ಲ. ಚಿತ್ರ ಬಂದ ಮೇಲೆ ಒಂದು ಪ್ರಿಂಟ್ ಅವರಿಗೆ ತಲುಪಿಸಿ. ಇದನ್ನು ಮರೆಯಬಾರದು.

ಅಟ್ಜೆ ಅವರ ಅಂಗಡಿ ಚಿತ್ರಗಳಲ್ಲಿ ಬಾಗಿಲಿನ ಗಾಜಿನ ಹಿಂದಿನಿಂದ ಕುತೂಹಲದಿಂದ ನೋಡುವ ಮುಖಗಳಿವೆ. ಕೆಲವು ಅರೆಬರೆ ಮಾಯವಾಗಿವೆ. ನನ್ನ ಅಭಿಪ್ರಾಯದಲ್ಲಿ ಇಂಥ ಅರೆಮೂಡಿದ ಜನ ಚಿತ್ರಕ್ಕೆ ಕೊರತೆಯಲ್ಲ. ಬೀದಿಯಲ್ಲಿ ಆ ಹೊತ್ತು ಎಷ್ಟು ನಡೆಯಿತು ಎಂದು ಅವರೇ ಹೇಳುತ್ತಾರೆ. ಅವರನ್ನು ತಪ್ಪಿಸಲು ಒದ್ದಾಡಬೇಡಿ.

ತಪ್ಪಿಸಲೇಬೇಕಾದದ್ದು ದೊಡ್ಡ ವಾಹನ. ಬಸ್ಸೊಂದು ಸಿಗ್ನಲ್‌ನಲ್ಲಿ ಇಪ್ಪತ್ತು ಸೆಕೆಂಡ್ ನಿಂತರೆ ಚಿತ್ರದ ನಡುವೆ ಬೂದು ಗೋಡೆ ಬಂದ ಹಾಗೆ. ಬಸ್ ನಿಧಾನವಾದದ್ದು ಕಂಡ ತಕ್ಷಣ ಟೇಪು ಮುಚ್ಚಿ, ಅದು ಹೋದ ಮೇಲೆ ತೆರೆದು ಉಳಿದ ಸೆಕೆಂಡುಗಳನ್ನು ಮುಗಿಸಿ. ಒಂದು ನಿಮಿಷವನ್ನು ಮೂರು ಕಂತಿನಲ್ಲಿ ಕೊಟ್ಟರೂ ಕಾಗದಕ್ಕೆ ಗೊತ್ತಾಗುವುದಿಲ್ಲ. ರಾತ್ರಿ ಹೊಳೆಯುವ ಹೆಡ್‌ಲೈಟ್ ಮಾತ್ರ ಬೇರೆ ವಿಷಯ, ಅದು ಗೆರೆ ಎಳೆದೇ ಎಳೆಯುತ್ತದೆ.

ಡೆವಲಪ್ ಮಾಡುವುದು

ಮೂರು ಪ್ಲಾಸ್ಟಿಕ್ ಟ್ರೇ ಬೇಕು. ಅಡುಗೆಮನೆಗೆ ಮತ್ತೆ ಹೋಗದಂಥವು ಇರಲಿ. ಕೈಗೆ ಗ್ಲೌಸ್ ಹಾಕಿ. ಮೊದಲ ಟ್ರೇಯಲ್ಲಿ ಪೇಪರ್ ಡೆವಲಪರ್, ಬಾಟಲಿಯ ಮೇಲೆ ಹೇಳಿದಷ್ಟು ನೀರು ಸೇರಿಸಿ. ಎರಡನೆಯದರಲ್ಲಿ ಬಿಳಿ ವಿನೆಗರ್‌ಗೆ ಎರಡರಷ್ಟು ನೀರು. ಮೂರನೆಯದರಲ್ಲಿ ಫಿಕ್ಸರ್. ಸ್ಟುಡಿಯೊದ ಹಳಬರು ಇದನ್ನು ಹೈಪೋ ಎನ್ನುತ್ತಾರೆ. ಬೆಳ್ಳಿಯ ಲವಣವನ್ನು ಇದು ಕರಗಿಸುತ್ತದೆ ಎಂದು 1819ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷಲ್ ಕಂಡುಕೊಂಡಿದ್ದರು. ಇಪ್ಪತ್ತು ವರ್ಷದ ನಂತರ ಫೋಟೊಗ್ರಫಿ ಬಂದಾಗ ಚಿತ್ರವನ್ನು ಉಳಿಸಿದ್ದು ಅದೇ ತಿಳಿವಳಿಕೆ.

ಬಾಟಲಿಯ ಮೇಲಿನ ಸಮಯ 20 ಡಿಗ್ರಿಗೆ ಬರೆದದ್ದು. ನಮ್ಮ ಬಚ್ಚಲುಮನೆಯಲ್ಲಿ ಅಷ್ಟು ತಂಪು ಸಿಗುವುದು ಕಷ್ಟ. ಟ್ರೇಯನ್ನು ಐಸ್ ಹಾಕಿದ ದೊಡ್ಡ ತಟ್ಟೆಯಲ್ಲಿ ಇಡಿ. ಐಸನ್ನು ನೇರ ಡೆವಲಪರ್‌ಗೆ ಹಾಕಬೇಡಿ. 24–25 ಡಿಗ್ರಿಗೆ ಬಂದರೂ ನಡೆಯುತ್ತದೆ, ಕೆಲಸ ಸ್ವಲ್ಪ ಬೇಗ ಆಗುತ್ತದೆ.

ಕಾಗದವನ್ನು ಒಂದೇ ಸಲಕ್ಕೆ ಮುಳುಗಿಸಿ, ಟ್ರೇ ಮೆಲ್ಲಗೆ ಅಲ್ಲಾಡಿಸುತ್ತಿರಿ. ಮೊದಲು ಆಕಾಶ ಕಪ್ಪಾಗುತ್ತದೆ. ಆಮೇಲೆ ಬಿಸಿಲು ಬಿದ್ದ ಗೋಡೆ. ಕೊನೆಗೆ ಅಂಗಡಿಯ ಒಳಗಿನ ನೆರಳು ಬೂದಾಗುತ್ತದೆ. ಹದಿನೈದು ಸೆಕೆಂಡಿಗೇ ಹಾಳೆಯೆಲ್ಲ ಕಪ್ಪಾದರೆ ಮುಂದಿನ ಸಲ ಎಕ್ಸ್‌ಪೋಷರ್ ಅರ್ಧ ಮಾಡಿ. ಎರಡು ನಿಮಿಷ ಕಳೆದರೂ ಪೇಲವವಾಗಿದ್ದರೆ ದುಪ್ಪಟ್ಟು ಮಾಡಿ. ಕಪ್ಪಾಗುತ್ತಿದೆ ಎಂದು ಹೆದರಿ ಕಾಗದವನ್ನು ಮೊದಲೇ ಎತ್ತಬೇಡಿ. ಪೂರ್ತಿ ಡೆವಲಪ್ ಮಾಡಿ, ಬದಲಾವಣೆ ಏನಿದ್ದರೂ ಬೀದಿಯಲ್ಲಿ ಮಾಡಿ. ವಿನೆಗರ್‌ನಲ್ಲಿ ಹತ್ತು ಸೆಕೆಂಡ್, ಫಿಕ್ಸರ್‌ನಲ್ಲಿ ಬಾಟಲಿ ಹೇಳಿದಷ್ಟು, ಹರಿಯುವ ನೀರಿನಲ್ಲಿ ಎರಡು–ಮೂರು ನಿಮಿಷ. ಕ್ಲಿಪ್ ಹಾಕಿ ಒಣಗಿಸಿ.

ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಚರಂಡಿಗೋ ಗಿಡಕ್ಕೋ ಸುರಿಯಬೇಡಿ. ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ಬೇರ್ಪಡಿಸುವವರಿಗೆ ಕೊಡಿ.

ಪ್ರಿಂಟ್

ಹೊಸ ಕಾಗದದ ಮೇಲೆ ಒಣಗಿದ ನೆಗೆಟಿವ್ ಅನ್ನು ಕವುಚಿ ಇಡಿ. ಎರಡರ ಚಿತ್ರದ ಬದಿಗಳು ಒಂದಕ್ಕೊಂದು ತಾಗಬೇಕು. ಮೇಲೆ ದಪ್ಪ ಗಾಜು. ಒಂದೂವರೆ ಮೀಟರ್ ಮೇಲಿನಿಂದ ಸಣ್ಣ ಬಿಳಿ ಬಲ್ಬನ್ನು ಕೆಲವು ಸೆಕೆಂಡ್ ಉರಿಸಿ. ರಟ್ಟಿನ ಚೂರನ್ನು ಎರಡೆರಡು ಸೆಕೆಂಡಿಗೆ ಸರಿಸುತ್ತಾ ಒಂದು ಪಟ್ಟಿಯ ಮೇಲೆ ಪರೀಕ್ಷೆ ಮಾಡಿದರೆ ಸರಿಯಾದ ಸಮಯ ತಿಳಿಯುತ್ತದೆ. ಡೆವಲಪ್ ಹಿಂದಿನಂತೆಯೇ.

ಈ ಪ್ರಿಂಟಿನಲ್ಲಿ ಅಂಗಡಿ ಬೋರ್ಡುಗಳು ಸರಿಯಾಗಿ ಓದಲು ಬರುತ್ತವೆ. ಡಗೇರ್ ಅವರ ಬೆಳ್ಳಿ ಪ್ಲೇಟಿನಲ್ಲಿ ನೆಗೆಟಿವ್ ಎಂಬುದೇ ಇರಲಿಲ್ಲ. ಅವರ ಬೀದಿ ಎಡಬಲ ತಿರುಗಿಯೇ ಉಳಿಯಿತು, ಎರಡನೇ ಪ್ರತಿಯೂ ಇಲ್ಲ. ಒಂದು ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿ ತೆಗೆಯುವ ದಾರಿ ತೋರಿದವರು ಟಾಲ್ಬಟ್. ಇಂದು ನೀವು ಮಾಡುತ್ತಿರುವುದು ಅವರ ದಾರಿಯ ಕೆಲಸ. ಕತ್ತಲೆ ಕೋಣೆಯಲ್ಲಿ ಪ್ರಿಂಟ್ ಮಾಡಲು ಆಗದಿದ್ದರೆ ನೆಗೆಟಿವ್ ಸ್ಕ್ಯಾನ್ ಮಾಡಿ ಫೋನಿನಲ್ಲೇ ತಿರುಗಿಸಿ ನೋಡಬಹುದು. ಕೈಯಲ್ಲಿ ಹಿಡಿಯುವ ಪ್ರಿಂಟ್ ಬೇರೆಯೇ ಸಂತೋಷ, ಅದನ್ನು ಒಂದು ಸಲವಾದರೂ ಮಾಡಿ ನೋಡಿ.

ನಡೆಯುವವರನ್ನೂ ಹಿಡಿಯಬೇಕೆಂದರೆ

ಪಿನ್‌ಹೋಲ್ ಕೈಗೆ ಹತ್ತಿದ ಮೇಲೆ ಲೆನ್ಸ್ ಹಾಕಿ. 12 ಸೆಂಟಿಮೀಟರ್ ಆಸುಪಾಸಿನ ಫೋಕಸ್ ದೂರದ ಭೂತಗನ್ನಡಿ ಸಾಕು. ಅದರ ಮುಂದೆ 8 ಮಿಲಿಮೀಟರ್ ತೂತಿನ ಕಪ್ಪು ರಟ್ಟು ಇಟ್ಟರೆ ಹೆಚ್ಚುಕಡಿಮೆ ಎಫ್/16. ಈಗ ಬಿಸಿಲಿನಲ್ಲಿ ಅರ್ಧ ಸೆಕೆಂಡ್‌ ಒಳಗೇ ಚಿತ್ರ ಆಗುತ್ತದೆ. ಫೋಕಸ್ ನೋಡಲು ಹಿಂದೆ ಬಟರ್ ಪೇಪರ್ ಹಿಡಿಯಿರಿ. ಒಂದು ಸೂಕ್ಷ್ಮ ಇದೆ. ಸಾದಾ ಲೆನ್ಸ್ ನೀಲಿ ಬೆಳಕನ್ನು ಸ್ವಲ್ಪ ಹತ್ತಿರದಲ್ಲೇ ಕೂಡಿಸುತ್ತದೆ. ಕಣ್ಣಿಗೆ ಸ್ಪಷ್ಟವಾಗಿ ಕಂಡ ಜಾಗದಿಂದ ಎರಡು ಮಿಲಿಮೀಟರ್‌ನಷ್ಟು ಲೆನ್ಸ್ ಕಡೆಗೆ ಕಾಗದ ಸರಿಸಿ. ಹಳೆಯ ಕಾಲದವರೂ ಈ ತಿದ್ದುಪಡಿ ಮಾಡುತ್ತಿದ್ದರು.

1859ರ ಹೊತ್ತಿಗೆ ಎಡಿನ್‌ಬರೋದ ಪ್ರಿನ್ಸಸ್ ಸ್ಟ್ರೀಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಲ್ಸನ್, ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ಎಡ್ವರ್ಡ್ ಆಂಥನಿ ಓಡಾಡುವ ಜನರನ್ನೇ ಹಿಡಿದುಬಿಟ್ಟರು. ಆಂಥನಿಯವರ ಒಂದು ಚಿತ್ರದಲ್ಲಿ ಬ್ರಾಡ್‌ವೇ ಮಳೆಯಲ್ಲಿ ನೆನೆದಿದೆ. ಇವು ಸ್ಟೀರಿಯೊ ಚಿತ್ರಗಳು, ಅಂದರೆ ಆಳ ಕಾಣುವ ಹಾಗೆ ಎರಡು ಕಣ್ಣಿಗೂ ಒಂದೊಂದು ತೆಗೆದ ಜೋಡಿ ಚಿತ್ರಗಳು. ಪ್ಲೇಟು ಸಣ್ಣದು, ಲೆನ್ಸಿನ ಫೋಕಸ್ ದೂರ ಕಡಿಮೆ, ಬೆಳಕು ಒಳಬರುವ ದಾರಿ ಅಗಲ. ಆದರೂ ಸಾಮಗ್ರಿಗಿಂತ ನಿಂತ ಜಾಗ ದೊಡ್ಡದು. ಲೆಕ್ಕ ಹೀಗಿದೆ. 30 ಮೀಟರ್ ದೂರದಲ್ಲಿ ಅಡ್ಡಲಾಗಿ ನಡೆಯುವವರ ಬಿಂಬ 10 ಸೆಂಟಿಮೀಟರ್ ಲೆನ್ಸಿನಲ್ಲಿ ಸೆಕೆಂಡಿಗೆ 4 ಮಿಲಿಮೀಟರ್ ಸರಿಯುತ್ತದೆ. 60 ಮೀಟರ್ ದೂರವಾದರೆ 2 ಮಿಲಿಮೀಟರ್. ಅದೇ ಜನ ನೇರ ನಿಮ್ಮ ಕಡೆಗೆ ಬರುತ್ತಿದ್ದರೆ ಸರಿಯುವುದು ತೀರಾ ಕಡಿಮೆ. ಹಾಗಾಗಿ ಬೀದಿಯನ್ನು ಅಡ್ಡಲಾಗಿ ನೋಡದೆ ಅದರ ಉದ್ದಕ್ಕೆ ನೋಡಿ. ಎತ್ತರದಲ್ಲಿ ನಿಲ್ಲಿ. ಹತ್ತಿರದ ಹದಿನೈದು–ಇಪ್ಪತ್ತು ಮೀಟರ್ ಚೌಕಟ್ಟಿಗೆ ಬಾರದ ಹಾಗೆ ನೋಡಿಕೊಳ್ಳಿ.

ಬರೆದಿಡುವುದು

ಮಾರ್ವಿಲ್, ಅನ್ನನ್ ತೆಗೆದ ಓಣಿಗಳಲ್ಲಿ ಬಹಳಷ್ಟು ಇಂದು ಇಲ್ಲ. ಮಾರ್ವಿಲ್ ತೆಗೆದವು ಪ್ಯಾರಿಸ್ ಬೀದಿಗಳನ್ನು ಅಗಲ ಮಾಡುವಾಗ ಹೋದವು, ಅನ್ನನ್ ತೆಗೆದವು ಗ್ಲಾಸ್ಗೋ ಸುಧಾರಣೆಗೆ ಹೋದವು. ಅವರ ಚಿತ್ರಗಳಿಗೆ ಬೀದಿಯ ಹೆಸರು ಜೊತೆಗಿರುವುದರಿಂದ ಯಾವ ಮನೆ ಎಲ್ಲಿತ್ತು ಎಂದು ಈಗಲೂ ಗುರುತಿಸಬಹುದು. ಅಟ್ಜೆ ತಮ್ಮ ನೆಗೆಟಿವ್‌ಗಳ ಮೇಲೇ ನಂಬರ್ ಗೀಚಿಡುತ್ತಿದ್ದರು. ನಮ್ಮ ಪೇಟೆ ಬೀದಿಗಳೂ ಮೆಟ್ರೊ, ರಸ್ತೆ ಅಗಲೀಕರಣ, ಹೊಸ ಕಟ್ಟಡ ಎಂದು ಕಣ್ಣೆದುರೇ ಬದಲಾಗುತ್ತಿವೆ. ನೆಗೆಟಿವ್ ಇಡಲು ಕಾಗದದ ಲಕೋಟೆ ಬಳಸಿ, ಪ್ಲಾಸ್ಟಿಕ್ ಚೀಲ ಬೇಡ. ಮಳೆಗಾಲದ ತೇವಕ್ಕೆ ಅದರೊಳಗೆ ಬೂಷ್ಟು ಹಿಡಿಯುತ್ತದೆ. ನೆಗೆಟಿವ್ ಒಳಗೆ ಹಾಕುವ ಮೊದಲೇ ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ: ಬೀದಿಯ ಹೆಸರು, ನಿಂತ ಕಟ್ಟಡ, ಯಾವ ಮಹಡಿ, ಯಾವ ದಿಕ್ಕಿಗೆ ಮುಖ, ತಾರೀಕು, ಹೊತ್ತು, ಎಷ್ಟು ನಿಮಿಷ, ಮೋಡವೋ ಬಿಸಿಲೋ. ಸುಮ್ಮನೆ ಕೂತು ಸಹಕರಿಸಿದವರು ಒಪ್ಪಿದರೆ ಅವರ ಹೆಸರು, ಅಂಗಡಿಯ ಹೆಸರನ್ನೂ ಸೇರಿಸಿ.